ಪಟ್ಟಿಗೆ ಸೇರದ ಊರು, ಲೆಕ್ಕಕ್ಕೆ ಸಿಗದ ನಷ್ಟ

ಉತ್ತರ ಕನ್ನಡದ ಜೊಯಿಡಾ, ದಾಂಡೇಲಿ, ಹಳಿಯಾಳ ಮತ್ತು ಮುಂಡಗೋಡ ತಾಲ್ಲೂಕುಗಳಲ್ಲಿ ತಲೆತಲಾಂತರದಿಂದ ಬಾಳಿಬಂದ ಹಳ್ಳಿಗಳು ಹದ ತಪ್ಪಿದ ಮಳೆಗೂ ಬಿರುಬೇಸಿಗೆಗೂ ಸಿಕ್ಕಿ ಸವೆಯುತ್ತಿವೆ. ಯಾವ ಊರು ಎಷ್ಟು ಹಳೆಯದು, ಅಲ್ಲಿ ಉಳಿಸಿಕೊಳ್ಳಬೇಕಾದದ್ದು ಏನಿದೆ, ಯಾವುದಕ್ಕೆ ಮೊದಲು ಅಪಾಯ ಎಂದು ತಿಳಿಸುವ ಒಂದೇ ಒಂದು ಪಟ್ಟಿಯನ್ನೂ ರಾಜ್ಯ ಸರ್ಕಾರ ಇದುವರೆಗೆ ಜನರ ಮುಂದಿಟ್ಟಿಲ್ಲ. ಹವಾಮಾನ ಬದಲಾವಣೆ ಜಗತ್ತಿನ ಪಾಪ, ಅದಕ್ಕೆ ಬೆಂಗಳೂರನ್ನು ಮಾತ್ರ ದೂರಲಾಗದು, ನಿಜ. ಆದರೆ ಮಳೆ ಬಂದಾಗ ಯಾರನ್ನು ಕಾಯಬೇಕು ಎಂದು ಗೊತ್ತುಮಾಡಿಕೊಳ್ಳುವ ಕೆಲಸ ಸರ್ಕಾರದ್ದೇ. ಆ ಕೆಲಸ ಆಗಿಲ್ಲ. ಇದನ್ನು ಮರೆವು ಎಂದು ಕ್ಷಮಿಸಲಾಗದು, ಇದು ಕರ್ತವ್ಯಲೋಪ.

ಪರಂಪರೆ ಎಂದರೆ ಹಂಪಿ, ಬಾದಾಮಿ, ಬೇಲೂರು ಎಂದಷ್ಟೇ ತಿಳಿದವರಿಗೆ ಈ ನಾಲ್ಕು ತಾಲ್ಲೂಕುಗಳಲ್ಲಿ ಏನಿದೆ ಎಂದು ಅನ್ನಿಸಬಹುದು. ಕಲ್ಯಾಣದ ಕ್ರಾಂತಿಯ ನಂತರ 12ನೇ ಶತಮಾನದಲ್ಲಿ ಶರಣರು ಕಾಡು ಹೊಕ್ಕು ಬಂದು ನಿಂತ ಉಳವಿ ಜೊಯಿಡಾ ತಾಲ್ಲೂಕಿನಲ್ಲಿದೆ. ಚನ್ನಬಸವಣ್ಣನವರು ಅಲ್ಲಿಯೇ ಐಕ್ಯರಾದರು. ಅಕ್ಕನಾಗಮ್ಮನ ಹೆಸರಿನ ಗುಹೆಯೂ ಅಲ್ಲಿದೆ. ಮಾಘ ಮಾಸದ ಜಾತ್ರೆಗೆ ಧಾರವಾಡ, ಬೆಳಗಾವಿ ಕಡೆಯ ರೈತರು ಇಂದಿಗೂ ಚಕ್ಕಡಿ ಹೂಡಿಕೊಂಡು ಘಟ್ಟದ ಹಾದಿ ಹಿಡಿಯುತ್ತಾರೆ. ಉಳವಿಯ ಆಚೆಗೆ, ಕಾಳಿ ನದಿ ಹುಟ್ಟುವ ಡಿಗ್ಗಿಯಿಂದ ಬಜಾರಕುಣಂಗದವರೆಗೆ, ಕುಣಬಿ ಸಮುದಾಯದ ಊರುಗಳು. ಮಣ್ಣಿನ ಗೋಡೆ, ಸೆಗಣಿ ಸಾರಿಸಿದ ಅಂಗಳ, ಊರಿಗೊಂದು ದೇವರ ಕಾಡು, ಹಿತ್ತಲಲ್ಲಿ ಹತ್ತಾರು ಬಗೆಯ ಗಡ್ಡೆ ಗೆಣಸು. ಹಳಿಯಾಳದ ಗರಡೊಳ್ಳಿಯಂಥ ಊರುಗಳಲ್ಲಿ, ಮುಂಡಗೋಡದ ಮೈನಳ್ಳಿಯಲ್ಲಿ ಸಿದ್ದಿಗಳಿದ್ದಾರೆ. ಪೋರ್ಚುಗೀಸರು ಆಫ್ರಿಕಾದ ಪೂರ್ವ ಕರಾವಳಿಯಿಂದ ಗುಲಾಮರಾಗಿ ಹಿಡಿದು ತಂದವರಲ್ಲಿ ಗೋವಾದಿಂದ ತಪ್ಪಿಸಿಕೊಂಡು ಈ ಕಾಡಿನಲ್ಲಿ ಸ್ವತಂತ್ರರಾಗಿ ಬದುಕು ಕಟ್ಟಿಕೊಂಡವರ ಸಂತತಿ ಅವರು. ಹಳೆಯ ಬಟ್ಟೆಯ ತುಂಡು ಜೋಡಿಸಿ ಸಿದ್ದಿ ಹೆಂಗಸರು ಹೊಲಿಯುವ ಕೌದಿಯನ್ನು ಇಂದು ಹೊರದೇಶಗಳ ಕಲಾಪ್ರಿಯರೂ ಬಲ್ಲರು. ಎಮ್ಮೆ ಸಾಕಣೆಯನ್ನೇ ಬದುಕಾಗಿಸಿಕೊಂಡ ಗೌಳಿಗರ ದಡ್ಡಿಗಳು ನಾಲ್ಕೂ ತಾಲ್ಲೂಕುಗಳ ಕಾಡಂಚಿನಲ್ಲಿವೆ. ಮುಂಡಗೋಡದಲ್ಲಿ 1966ರಲ್ಲಿ ಕಾಡು ಕಡಿದು ಕಟ್ಟಿದ ಟಿಬೆಟನ್ ನೆಲೆ ಇದೆ. ಲ್ಹಾಸಾ ಬಳಿ 1409ರಲ್ಲಿ ಹುಟ್ಟಿದ ಗಾಂದೆನ್ ಮತ್ತು 1416ರಲ್ಲಿ ಹುಟ್ಟಿದ ಡ್ರೆಪುಂಗ್ ಮಠಗಳು ಮತ್ತೆ ನೆಲೆಯೂರಿದ್ದು ಈ ಮಣ್ಣಿನಲ್ಲಿ. ಒಂದು ಜಿಲ್ಲೆಯ ನಾಲ್ಕು ತಾಲ್ಲೂಕುಗಳಲ್ಲಿ ಇಷ್ಟು ಚರಿತ್ರೆ ಜೀವಂತವಾಗಿ ಉಳಿದಿರುವುದು ಅಪರೂಪ.

ಈ ಚರಿತ್ರೆ ನಿಂತಿರುವುದು ಮಳೆಯ ಲೆಕ್ಕಾಚಾರದ ಮೇಲೆ. ಕ್ಯಾಸಲ್‌ರಾಕ್ ಕಡೆ ವರ್ಷಕ್ಕೆ 5,000 ಮಿ.ಮೀ. ದಾಟುವ ಮಳೆ, ಪೂರ್ವಕ್ಕೆ ಮುಂಡಗೋಡ ಮುಟ್ಟುವಷ್ಟರಲ್ಲಿ ಅದರ ಕಾಲು ಭಾಗಕ್ಕೆ ಇಳಿಯುತ್ತದೆ. ಮನೆಯ ಸೂರು ಎಷ್ಟು ಇಳಿಜಾರಿರಬೇಕು, ಗೋಡೆಗೆ ತಟ್ಟಿ ಯಾವಾಗ ಕಟ್ಟಬೇಕು, ಗೆಣಸಿನ ಬಳ್ಳಿ ಯಾವಾಗ ನೆಡಬೇಕು, ಕೂರಿಗೆ ಯಾವ ಮಳೆಗೆ ಹೂಡಬೇಕು ಎಂಬುದೆಲ್ಲ ಈ ಅಂತರಕ್ಕೆ ತಕ್ಕಂತೆ ಊರೂರಿಗೂ ಬೇರೆ. ಆ ಲೆಕ್ಕ ಈಗ ತಪ್ಪಿದೆ. ಕೇಂದ್ರ ಭೂ ವಿಜ್ಞಾನ ಸಚಿವಾಲಯ 2020ರಲ್ಲಿ ಹೊರತಂದ ಹವಾಮಾನ ವರದಿಯ ಪ್ರಕಾರ, 1951ರಿಂದ 2015ರ ನಡುವೆ ದೇಶದ ಮುಂಗಾರು ಮಳೆ ಶೇ 6ರಷ್ಟು ಕುಗ್ಗಿದೆ. ಆ ಕುಸಿತ ಎದ್ದು ಕಾಣುವ ಎರಡು ಪ್ರದೇಶಗಳಲ್ಲಿ ಪಶ್ಚಿಮ ಘಟ್ಟವೂ ಒಂದು. ಅದೇ ವರದಿ, ಮಧ್ಯ ಭಾರತದಲ್ಲಿ ಒಂದೇ ದಿನ 150 ಮಿ.ಮೀ. ಮೀರಿ ಸುರಿಯುವ ಮಳೆಯ ಪ್ರಸಂಗಗಳು 1950ರಿಂದೀಚೆಗೆ ಶೇ 75ರಷ್ಟು ಹೆಚ್ಚಿವೆ ಎನ್ನುತ್ತದೆ. ಗಾಳಿಯ ಉಷ್ಣ ಒಂದು ಡಿಗ್ರಿ ಏರಿದರೆ ಅದು ಹೊರಬಲ್ಲ ತೇವಾಂಶ ಸುಮಾರು ಶೇ 7ರಷ್ಟು ಏರುತ್ತದೆ. ಆದ್ದರಿಂದಲೇ ಒಟ್ಟು ಮಳೆ ಕಡಿಮೆಯಾದರೂ ಬಂದಾಗ ಒಮ್ಮೆಗೇ ಸುರಿದು ಹೋಗುವ ಸ್ವಭಾವ ಅದಕ್ಕೆ ಬಂದಿದೆ.

ಹಳ್ಳಿಯ ಮಟ್ಟದಲ್ಲಿ ಇದರ ಅರ್ಥವೇನು? ಮಣ್ಣಿನ ಗೋಡೆ ಜಡಿಮಳೆಗೆ ಹೆದರುವುದಿಲ್ಲ. ನಡುನಡುವೆ ಹೊಳವು ಸಿಕ್ಕರೆ ಒಣಗಿ ಗಟ್ಟಿಯಾಗುತ್ತದೆ. ಎರಡು ದಿನದಲ್ಲಿ ಹದಿನೈದು ದಿನದ ಮಳೆ ಬಿದ್ದರೆ ಬುಡ ನೆನೆದು ಕುಸಿಯುತ್ತದೆ. ಕುಣಬಿಗಳ ಮುಡ್ಲಿ, ಕೋನ್, ಕಾಟೆ ಕಣಗದಂಥ ಗೆಡ್ಡೆಗಳು ಬೀಜದಿಂದ ಬೆಳೆಯುವಂಥವಲ್ಲ. ಈ ವರ್ಷ ಅಗೆದ ಗೆಡ್ಡೆಯಲ್ಲಿ ಒಂದಷ್ಟನ್ನು ಮುಂದಿನ ವರ್ಷಕ್ಕೆ ಎತ್ತಿಡಬೇಕು. ನೀರು ನಿಂತು ಒಂದು ಹಂಗಾಮಿನ ಬೆಳೆ ಕೊಳೆತರೆ ಆ ಮನೆಯ ತಳಿಯೇ ಹೋಯಿತು. ಅದನ್ನು ಮರಳಿ ತರಲು ಯಾವ ಬೀಜ ನಿಗಮದ ಗೋದಾಮಿನಲ್ಲೂ ದಾಸ್ತಾನಿಲ್ಲ. ಹಳಿಯಾಳ, ಮುಂಡಗೋಡದಲ್ಲಿ ರೋಹಿಣಿ ಮಳೆ ನಂಬಿ ಒಣಮಣ್ಣಿಗೆ ಬಿತ್ತುವ ಭತ್ತ ಮೃಗಶಿರ ಕೈಕೊಟ್ಟರೆ ಮೊಳಕೆಯಲ್ಲೇ ಸುಡುತ್ತದೆ. ಅದನ್ನೂ ದಾಟಿ ತೆನೆ ಬಂದರೆ ಚಿತ್ತಾ, ಸ್ವಾತಿಯ ಅಕಾಲ ಮಳೆ ಗದ್ದೆಯಲ್ಲೇ ಮಲಗಿಸುತ್ತದೆ. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎನಿಸಿಕೊಂಡ 2023ರ ಮರುವರ್ಷವೇ ಇದೇ ಜಿಲ್ಲೆಯ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆ ಕುಸಿಯಿತು. ಅದಕ್ಕೂ ಮುಂಚೆ, 2021ರ ಜುಲೈನಲ್ಲಿ, ನೆರೆಯ ಯಲ್ಲಾಪುರ ತಾಲ್ಲೂಕಿನ ಕಳಚೆಯಲ್ಲಿ ಮನೆ, ಅಡಿಕೆ ತೋಟ, ರಸ್ತೆ ಒಟ್ಟೊಟ್ಟಿಗೇ ಜರಿದವು. ತಲೆಮಾರುಗಳು ಕೈಯಾರೆ ಕಟ್ಟಿದ ಊರು ವಾಸಕ್ಕೆ ಯೋಗ್ಯವೇ ಎಂದು ಕೇಳುವ ಸ್ಥಿತಿಗೆ ಒಂದು ವಾರದಲ್ಲಿ ಬಂತು. ಇಷ್ಟರ ಮೇಲೂ ಜೊಯಿಡಾದ ಇಳಿಜಾರಿನ ಊರುಗಳಿಗೆ ಕಳಚೆಯ ಗತಿ ಬಾರದಂತೆ ಏನು ಮಾಡಲಾಗಿದೆ ಎಂದು ಕೇಳಿದರೆ ತೋರಿಸಲು ಆಡಳಿತದ ಕೈಯಲ್ಲಿ ಏನೂ ಇಲ್ಲ.

ಸರ್ಕಾರದ ಮೇಲಿನ ಮೊದಲ ಆರೋಪ ಕಾಗದಕ್ಕೆ ಸಂಬಂಧಿಸಿದ್ದು. ರಾಜ್ಯದ 1961ರ ಪ್ರಾಚೀನ ಸ್ಮಾರಕಗಳ ಕಾಯ್ದೆ ಕಲ್ಲು, ಕಟ್ಟಡ, ಶಾಸನಗಳನ್ನು ಬಲ್ಲದು. ಜನ ಬಾಳುತ್ತಿರುವ ಊರು ಅದರ ಕಣ್ಣಿಗೆ ಬೀಳುವುದಿಲ್ಲ. 2012ರಲ್ಲಿ ಯುನೆಸ್ಕೊ ಪಶ್ಚಿಮ ಘಟ್ಟದ 39 ತಾಣಗಳನ್ನು ವಿಶ್ವ ಪರಂಪರೆ ಎಂದು ಘೋಷಿಸಿದಾಗ ಕರ್ನಾಟಕದ ಹತ್ತು ತಾಣಗಳು ಸೇರಿದವು. ಕಾಳಿ ಕಣಿವೆ ಸೇರಲಿಲ್ಲ. ಇನ್ನು ಈ ಊರುಗಳ ಜನ ತಮ್ಮ ನೆಲದ ಮೇಲೆ ಹಕ್ಕು ಕೇಳಿದರೆ ಆಗುವುದೇನು? 2006ರ ಅರಣ್ಯ ಹಕ್ಕು ಕಾಯ್ದೆ ಪರಿಶಿಷ್ಟ ಪಂಗಡದವರಲ್ಲದ ಅರಣ್ಯವಾಸಿಗಳಿಗೆ ಮೂರು ತಲೆಮಾರು, ಅಂದರೆ 75 ವರ್ಷದ ವಾಸದ ಪುರಾವೆ ಬೇಕೆನ್ನುತ್ತದೆ. ಸಿದ್ದಿಗಳಿಗೆ 2003ರಲ್ಲಿ ಪರಿಶಿಷ್ಟ ಪಂಗಡದ ಸ್ಥಾನ ಸಿಕ್ಕಿತು. ಅದೇ ವರ್ಷ ಗಡಿಯಾಚೆ ಗೋವಾದ ಕುಣಬಿಗಳಿಗೂ ಸಿಕ್ಕಿತು. ಘಟ್ಟದ ಈಚೆ ಇರುವ, ಅದೇ ದೇವರನ್ನು ಪೂಜಿಸುವ, ಅದೇ ಗೆಣಸು ಉಣ್ಣುವ ಜೊಯಿಡಾದ ಕುಣಬಿಗಳು ಇನ್ನೂ ಬಾಗಿಲಲ್ಲೇ ನಿಂತಿದ್ದಾರೆ. ಗೌಳಿಗರ ಪಾಡೂ ಅದೇ. ಹೀಗಾಗಿ ಈ ಸೀಮೆಯ ಅತ್ಯಂತ ಹಳೆಯ ನಿವಾಸಿಗಳೇ ತಾವು ಹಳಬರೆಂದು 1930ರ ಆಸುಪಾಸಿನ ಕಾಗದ ತಂದು ತೋರಿಸಬೇಕಾಗಿದೆ. ಕಾಯ್ದೆಯ 13ನೇ ನಿಯಮ ಊರ ಹಿರಿಯರ ಲಿಖಿತ ಹೇಳಿಕೆಯನ್ನೂ, ಹಳೆಯ ಬಾವಿ, ಸಮಾಧಿ, ದೇವರ ಬನಗಳಂಥ ಗುರುತುಗಳನ್ನೂ ಪುರಾವೆ ಎಂದು ಒಪ್ಪುತ್ತದೆ. ಕಚೇರಿಗಳು ಒಪ್ಪುವುದಿಲ್ಲ. ಜಿಲ್ಲೆಯಲ್ಲಿ ಸಾವಿರಾರು ಅರ್ಜಿಗಳು ಹೀಗೆ ತಿರಸ್ಕೃತವಾಗಿವೆ. ಹಕ್ಕುಪತ್ರವಿಲ್ಲದ ಮನೆ ಬಿದ್ದರೆ ಪರಿಹಾರ ಪಡೆಯುವುದೂ ಹರಸಾಹಸ. ಪರಂಪರೆಯ ಪಟ್ಟಿಯಲ್ಲಿ ಊರಿನ ಹೆಸರಿಲ್ಲ, ಪಹಣಿಯಲ್ಲಿ ಮನೆಯವರ ಹೆಸರಿಲ್ಲ. ಇಂಥ ಊರು ಕುಸಿದರೆ ಸರ್ಕಾರದ ಪುಸ್ತಕದಲ್ಲಿ ಕುಸಿದದ್ದು ಏನೂ ಇಲ್ಲ.

ಎರಡನೆಯ ಆರೋಪ ಇನ್ನೂ ಗಂಭೀರ. ಮಳೆ, ಬರಗಳನ್ನು ತಾಳಿಕೊಳ್ಳಲು ಈ ಊರುಗಳಿಗೆ ಇದ್ದ ಆಸರೆಗಳನ್ನು ಕಿತ್ತುಕೊಂಡದ್ದು ಪ್ರಭುತ್ವವೇ. ಬ್ರಿಟಿಷರು ಕಾಡು ಕಡಿದು ಸುಟ್ಟು ಮಾಡುವ ಕುಮರಿ ಬೇಸಾಯಕ್ಕೆ ಅಡ್ಡಿ ಹಾಕಿ, ಮಿಶ್ರ ಕಾಡನ್ನು ತೇಗದ ತೋಪು ಮಾಡತೊಡಗಿದರು. ಸ್ವತಂತ್ರ ಭಾರತ ಅದೇ ದಾರಿಯಲ್ಲಿ ಇನ್ನಷ್ಟು ವೇಗವಾಗಿ ನಡೆಯಿತು. 1950ರ ದಶಕದಲ್ಲಿ ದಾಂಡೇಲಿಗೆ ಕಾಗದದ ಕಾರ್ಖಾನೆ ಬಂದಾಗ ಜಿಲ್ಲೆಯ ಬಿದಿರನ್ನು ಟನ್ನಿಗೆ ಒಂದೂವರೆ ರೂಪಾಯಿಯಂತೆ ಕೊಡಲಾಯಿತು ಎಂದು ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳ್ ಬರೆದಿದ್ದಾರೆ. ತಟ್ಟಿಗೂ ಬುಟ್ಟಿಗೂ ಮನೆಯ ಮಾಡಿಗೂ ಬಿದಿರನ್ನೇ ನಂಬಿದ್ದ ಊರಿನವನಿಗೆ ಆ ದರ ಇರಲಿಲ್ಲ. ಕೊನೆಗೆ ಬಿದಿರೂ ಉಳಿಯಲಿಲ್ಲ. ಮುಂದೆ ಅಕೇಶಿಯಾ ನೆಡುತೋಪುಗಳು ಬಂದವು. ಅವುಗಳ ಬುಡದಲ್ಲಿ ಗೌಳಿಗರ ಎಮ್ಮೆಗೆ ಮೇವಿಲ್ಲ, ಮಳೆನೀರು ಇಂಗಿಸುವ ದಟ್ಟ ಹಸಿರೂ ಇಲ್ಲ.

ಸೂಪಾದ ಕತೆ ಎಲ್ಲಕ್ಕಿಂತ ದೊಡ್ಡದು. ಕಾಳಿ ಮತ್ತು ಪಾಂಡರಿ ನದಿಗಳು ಕೂಡುವಲ್ಲಿ ಇದ್ದ ಸೂಪಾ ಒಂದು ತಾಲ್ಲೂಕಿನ ಮುಖ್ಯ ಊರು. ಅಲ್ಲಿ 101 ಮೀಟರ್ ಎತ್ತರದ ಅಣೆಕಟ್ಟು ಎದ್ದಿತು, 145 ಟಿಎಂಸಿ ಅಡಿ ನೀರು ನಿಂತಿತು, ಊರು ಮುಳುಗಿತು. ತಾಲ್ಲೂಕು ಕೇಂದ್ರ ಜೊಯಿಡಾಕ್ಕೆ ಹೋಯಿತು, ಜನ ರಾಮನಗರಕ್ಕೆ ಹೋದರು, ತಾಲ್ಲೂಕಿನ ಹೆಸರೂ ಬದಲಾಯಿತು. ನಾಗಝರಿಯಿಂದ ಕದ್ರಾದವರೆಗೆ ಸಾಲುಸಾಲಾಗಿ ವಿದ್ಯುತ್ ಹುಟ್ಟಿ ನಾಡಿಗೆಲ್ಲ ಬೆಳಕಾಯಿತು. ಮುಳುಗುವ ಮುನ್ನ ಸೂಪಾ ಸೀಮೆಯ ಮನೆ, ಗುಡಿ, ಮಾತು, ಬೆಳೆಗಳ ಬಗ್ಗೆ ಒಂದು ಸಮಗ್ರ ದಾಖಲೆ ಮಾಡಿಡಬೇಕು ಎಂದು ಆಗಿನ ಅಧಿಕಾರಸ್ಥರಿಗೆ ಅನ್ನಿಸಲಿಲ್ಲ. ಈಗಿನವರಿಗೆ ಆ ಅಜ್ಞಾನದ ನೆಪವೂ ಇಲ್ಲ. ಅಣೆಕಟ್ಟಿನ ನೀರು ಎಲ್ಲಿಯವರೆಗೆ ಏರುತ್ತದೆ ಎಂದು ಅಂದು ಗೆರೆ ಎಳೆದು ಹೇಳಬಹುದಿತ್ತು. ಇಂದಿನ ಮಳೆ ಯಾವ ಗುಡ್ಡವನ್ನು ಎಂದು ಕೆಡವೀತು ಎಂದು ಹಾಗೆ ಹೇಳಲಾಗದು. ದಾಖಲೆಯ ಅವಸರ ಅಂದಿಗಿಂತ ಇಂದು ಹೆಚ್ಚು.

ಮೂರನೆಯ ಆರೋಪ ಇಬ್ಬಗೆಯ ನೀತಿಗೆ ಸಂಬಂಧಿಸಿದ್ದು. 2007ರಲ್ಲಿ ದಾಂಡೇಲಿ–ಅಣಶಿ ಹುಲಿ ಮೀಸಲು ಪ್ರದೇಶವಾಯಿತು, 2015ರಲ್ಲಿ ಅದಕ್ಕೆ ಕಾಳಿಯ ಹೆಸರು ಬಂತು. ಒಳಗಿನ ಊರುಗಳವರು ಹೊರಬಂದರೆ ಕುಟುಂಬಕ್ಕೆ ಇಂತಿಷ್ಟು ಲಕ್ಷ ಎಂದು ದರ ಗೊತ್ತಾಗಿದೆ. 2021ರಿಂದ ಅದು 15 ಲಕ್ಷ. ಇದಕ್ಕೆ ಸ್ವಯಂಪ್ರೇರಿತ ಸ್ಥಳಾಂತರ ಎಂದು ಹೆಸರು. ಮಳೆಗಾಲದಲ್ಲಿ ಹೊರಜಗತ್ತಿನ ಸಂಪರ್ಕ ಕಡಿದುಹೋಗುವ ಊರಿಗೆ ರಸ್ತೆ, ವಿದ್ಯುತ್, ಆಸ್ಪತ್ರೆ ಯಾವುದನ್ನೂ ಕೊಡದೆ, ಹೊರಡುವವರಿಗೆ ಮಾತ್ರ ಹಣ ಕೊಡುವುದು ಎಂಥ ಸ್ವಯಂಪ್ರೇರಣೆ? ಅದೇ ಕಾಳಿಯ ದಂಡೆಯಲ್ಲಿ ರೆಸಾರ್ಟ್‌ಗಳಿಗೆ ಜಾಗ ಸಿಗುತ್ತದೆ. ವಾರಾಂತ್ಯದ ರ‍್ಯಾಫ್ಟಿಂಗ್‌ಗೆ ಅಣೆಕಟ್ಟಿನ ನೀರೂ ಹೊಂದುತ್ತದೆ. ಕ್ಯಾಸಲ್‌ರಾಕ್‌ನಿಂದ ಕುಳೆಂವರೆಗೆ ಘಟ್ಟ ಬಗೆದು ರೈಲು ಹಳಿ ಜೋಡಿಮಾರ್ಗ ಮಾಡುವ ಯೋಜನೆಗೆ ವನ್ಯಜೀವಿ ಮಂಡಳಿ ಒಪ್ಪಿಗೆಯನ್ನೂ ಕೊಟ್ಟಿತ್ತು. 2022ರ ಮೇ ತಿಂಗಳಲ್ಲಿ ಅದನ್ನು ತಡೆಯಲು ಸುಪ್ರೀಂ ಕೋರ್ಟೇ ಬರಬೇಕಾಯಿತು. ಕುಣಬಿಯ ಗೆಣಸಿನ ತೋಟ ಕಾಡಿಗೆ ಮಾರಕ, ರೆಸಾರ್ಟಿನ ಈಜುಕೊಳ ಮಾರಕವಲ್ಲ ಎನ್ನುವ ನೀತಿಯಲ್ಲಿ ನ್ಯಾಯವೂ ಇಲ್ಲ, ವಿಜ್ಞಾನವೂ ಇಲ್ಲ.

ಪಶ್ಚಿಮ ಘಟ್ಟದ ಸಂರಕ್ಷಣೆ ಕುರಿತ ಕಸ್ತೂರಿರಂಗನ್ ವರದಿಯ ವಿಚಾರದಲ್ಲೂ ಇದೇ ಬೇಜವಾಬ್ದಾರಿ. 2024ರ ಜುಲೈ 31ರಂದು ಕೇಂದ್ರ ಹೊರಡಿಸಿದ ಆರನೆಯ ಕರಡು ಅಧಿಸೂಚನೆ ಕರ್ನಾಟಕದ 20,668 ಚದರ ಕಿ.ಮೀ. ಪ್ರದೇಶವನ್ನು ಪರಿಸರ ಸೂಕ್ಷ್ಮ ಎಂದಿತು. ಎರಡು ತಿಂಗಳೊಳಗೆ ರಾಜ್ಯ ಸಚಿವ ಸಂಪುಟ ಅದನ್ನು ತಿರಸ್ಕರಿಸಿತು. ಘಟ್ಟದ ಜನರ ಭಯ ಸುಳ್ಳಲ್ಲ. ಹಕ್ಕುಪತ್ರವಿಲ್ಲದವರು ಯಾವ ಹೊಸ ಗೆರೆಗೂ ಅಂಜುವುದು ಸಹಜ. ಹಾಗಿದ್ದರೆ ಸರ್ಕಾರ ತನ್ನದೇ ಪರ್ಯಾಯವನ್ನು ಮುಂದಿಡಬೇಕಿತ್ತು. ಊರುಗಳಿಗೆ ಹಕ್ಕು ಕೊಟ್ಟು, ಗಣಿ, ಗುಡ್ಡ ಅಗೆತ, ಭಾರೀ ಕಟ್ಟಡಗಳಿಗೆ ತಡೆ ಹಾಕಬೇಕಿತ್ತು. ಅದು ಬೇಡ ಎಂದು ಹೇಳಿ ಕೈ ತೊಳೆದುಕೊಂಡಿತು. ಬೇಡ ಎನ್ನುವುದೊಂದು ನೀತಿಯಾಗದು. ಜನರ ಭಯವನ್ನು ತಣಿಸುವ ಮನಸ್ಸಿಲ್ಲದೆ ಅದನ್ನು ಮತವಾಗಿ ಮಾತ್ರ ಬಳಸಿಕೊಂಡ ಎಲ್ಲ ಪಕ್ಷಗಳಿಗೂ ಈ ಮಾತು ಅನ್ವಯ.

ಹೊರಗಿನ ಒಂದು ಉದಾಹರಣೆ ನೋಡಿ. ಚೀನಾ 2012ರಿಂದ ತನ್ನ ಸಾಂಪ್ರದಾಯಿಕ ಹಳ್ಳಿಗಳನ್ನು ಹಂತಹಂತವಾಗಿ ಪಟ್ಟಿಮಾಡುತ್ತ ಬಂದು 2023ರ ಹೊತ್ತಿಗೆ 8,155 ಊರುಗಳನ್ನು ಗುರುತಿಸಿತು. ಪಟ್ಟಿ ಮಳೆಯನ್ನೇನೂ ತಡೆಯಲಿಲ್ಲ. 2020ರ ಜುಲೈ ಪ್ರವಾಹದಲ್ಲಿ ಅನ್‌ಹುಯಿ ಪ್ರಾಂತ್ಯದ, ಮಿಂಗ್ ಕಾಲದ ಝೆನ್‌ಹಾಯ್ ಸೇತುವೆ ಕೊಚ್ಚಿಹೋಯಿತು. 2021ರ ಅಕ್ಟೋಬರ್ ಮಳೆಗೆ ಶಾನ್‌ಷಿ ಪ್ರಾಂತ್ಯದಲ್ಲಿ ಸಾವಿರದ ಏಳುನೂರಕ್ಕೂ ಹೆಚ್ಚು ಪಾರಂಪರಿಕ ತಾಣಗಳಿಗೆ ಪೆಟ್ಟಾಯಿತು, ಪಿಂಗ್ಯಾವೊ ನಗರದ ಹಳೆಯ ಕೋಟೆಗೋಡೆಯ ಒಂದು ಭಾಗ ಉರುಳಿತು. ಆದರೆ ಎಷ್ಟು ಹಾಳಾಯಿತು ಎಂದು ಕೆಲವೇ ದಿನಗಳಲ್ಲಿ ಹೇಳಲು ಅಲ್ಲಿನ ಆಡಳಿತಕ್ಕೆ ಸಾಧ್ಯವಾಯಿತು, ಏಕೆಂದರೆ ಏನೇನಿತ್ತು ಎಂದು ಮೊದಲೇ ಬರೆದಿಟ್ಟಿತ್ತು. ಹಾಗೆಂದು ಚೀನಾವನ್ನು ಆದರ್ಶವೆಂದು ಇಲ್ಲಿ ಯಾರೂ ಒಪ್ಪಬೇಕಿಲ್ಲ. ಯಾವುದನ್ನು ಪರಂಪರೆ ಎನ್ನಬೇಕು ಎಂದು ಪ್ರಭುತ್ವವೊಂದೇ ತೀರ್ಮಾನಿಸಿದರೆ ಏನಾಗುತ್ತದೆ ಎಂಬುದಕ್ಕೆ ಮುಂಡಗೋಡದ ಗಾಂದೆನ್ ಮಠವೇ ಸಾಕ್ಷಿ; ಅದರ ಮೂಲ ಮಠ ಸಾಂಸ್ಕೃತಿಕ ಕ್ರಾಂತಿಯ ಕಾಲದಲ್ಲಿ ಧ್ವಂಸವಾಗಿತ್ತು. ನಮ್ಮ ಪಟ್ಟಿಯನ್ನು ಬೆಂಗಳೂರಿನ ಕಚೇರಿ ಬರೆಯಬಾರದು, ಗ್ರಾಮಸಭೆ ಬರೆಯಬೇಕು.

ಕಾಲ ಬದಲಾಗಿದೆ, ಹಳ್ಳಿಯವರಿಗೇ ಕಾಂಕ್ರೀಟ್ ಮನೆ ಬೇಕು, ಮಕ್ಕಳಿಗೆ ಹುಬ್ಬಳ್ಳಿ, ಗೋವಾ ಬೇಕು, ಯಾರಿಗಾಗಿ ಉಳಿಸುವುದು ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ. ಜನರನ್ನು ಸೋರುವ ಸೂರಿನಡಿ ಕೂರಿಸಿ ನೋಡಲು ಹೋಗುವುದು ಪರಂಪರೆಯ ರಕ್ಷಣೆಯಲ್ಲ, ಕ್ರೌರ್ಯ. ರಸ್ತೆ ಬೇಕೆನ್ನುವ ಡಿಗ್ಗಿಯವರಿಗೆ ರಸ್ತೆ ಸಿಗಲೇಬೇಕು. ಆದರೆ ಜನರು ಬಿಟ್ಟುಕೊಡುತ್ತಿರುವುದೆಲ್ಲ ಅವರ ಆಯ್ಕೆಯೇ? ಬಿದಿರು ಇಲ್ಲದವನು ತಗಡು ಹೊದಿಸುತ್ತಾನೆ, ಮೇವು ಇಲ್ಲದವನು ಎಮ್ಮೆ ಮಾರುತ್ತಾನೆ, ಹಕ್ಕುಪತ್ರ ಸಿಗದವನು ಊರು ಬಿಡುತ್ತಾನೆ. ಜೊಯಿಡಾದ ಗಡ್ಡೆ ಗೆಣಸು ಮೇಳದಲ್ಲಿ ತಾವು ಬೆಳೆದದ್ದನ್ನು ಹೆಮ್ಮೆಯಿಂದ ರಾಶಿ ಹಾಕುವ ಕುಣಬಿ ಹೆಂಗಸರನ್ನು ಕಂಡವರು, ಈ ಜನ ತಮ್ಮದನ್ನು ತೊರೆಯಲು ತುದಿಗಾಲಲ್ಲಿ ನಿಂತಿದ್ದಾರೆ ಎಂದು ಹೇಳಲಾರರು.

ಆದ್ದರಿಂದ ಮುಂದಿನ ಮುಂಗಾರಿಗೆ ಮುನ್ನ ಶುರುವಾಗಬೇಕಾದ ಕೆಲಸಗಳನ್ನು ಸ್ಪಷ್ಟವಾಗಿಯೇ ಹೇಳಬೇಕಿದೆ. ನಾಲ್ಕೂ ತಾಲ್ಲೂಕುಗಳ ಪ್ರತಿ ಗ್ರಾಮ ಪಂಚಾಯಿತಿಯಲ್ಲಿ ಊರಿನ ಮನೆ, ದೇವರ ಕಾಡು, ನೀರಿನ ಸೆಲೆ, ತಳಿ, ಕಸುಬು, ಹಾಡುಗಳ ದಾಖಲೆ ಒಂದು ವರ್ಷದೊಳಗೆ ಮುಗಿಯಲಿ. ಜನತಾ ಜೀವವೈವಿಧ್ಯ ದಾಖಲಾತಿ ಎಂಬ ಪುಸ್ತಕ ಕಾನೂನಿನ ಪ್ರಕಾರ ಪಂಚಾಯಿತಿಗಳಲ್ಲಿ ಇರಲೇಬೇಕು. ಹಸಿರು ನ್ಯಾಯಮಂಡಳಿ ಗಡುವು ಹಾಕಿದ ಮೇಲೆ ತರಾತುರಿಯಲ್ಲಿ ತುಂಬಿದ ಆ ಪುಟಗಳನ್ನು ಈ ಬಾರಿ ಊರವರೇ ಕೂತು ಬರೆಯಲಿ. ಧಾರವಾಡದ ಕೃಷಿ ವಿಶ್ವವಿದ್ಯಾಲಯವೂ, ಮುಂಡಗೋಡದ ಮಗ್ಗುಲಲ್ಲೇ ಇರುವ ಗೊಟಗೋಡಿಯ ಜಾನಪದ ವಿಶ್ವವಿದ್ಯಾಲಯವೂ ಕೈಜೋಡಿಸಲಿ. ಜೀವವೈವಿಧ್ಯ ಕಾಯ್ದೆಯ 37ನೇ ಕಲಂ ಬಳಸಿ ರಾಜ್ಯ ಈಗಾಗಲೇ ದೇವನಹಳ್ಳಿ ಬಳಿಯ ನಲ್ಲೂರಿನ ಹುಣಸೆ ತೋಪನ್ನು ಪಾರಂಪರಿಕ ತಾಣ ಮಾಡಿದೆ. ಕುಣಬಿಗಳ ಗೆಣಸಿನ ಹಿತ್ತಲುಗಳಿಗೂ ದೇವರ ಕಾಡುಗಳಿಗೂ, ಊರವರ ಒಪ್ಪಿಗೆಯೊಂದಿಗೆ, ಅದೇ ಮನ್ನಣೆ ಕೊಡಲು ಅಡ್ಡಿಯೇನು?

ಅರಣ್ಯ ಹಕ್ಕಿನ ತಿರಸ್ಕೃತ ಅರ್ಜಿಗಳನ್ನು 13ನೇ ನಿಯಮದ ಬೆಳಕಿನಲ್ಲಿ ಮತ್ತೆ ತೆರೆಯಬೇಕು, ಹಿರಿಯರ ಮಾತನ್ನು ಪುರಾವೆಯೆಂದು ದಾಖಲಿಸಬೇಕು. ಕುಣಬಿ, ಗೌಳಿ ಸಮುದಾಯಗಳ ಪರಿಶಿಷ್ಟ ಪಂಗಡದ ಬೇಡಿಕೆಗೆ ಹೌದು ಅಥವಾ ಇಲ್ಲ ಎಂಬ ಉತ್ತರ ಸಿಗಬೇಕು. ದಶಕಗಟ್ಟಲೆ ಮೌನ ಉತ್ತರವಲ್ಲ. ಮಳೆಗೆ ಬಿದ್ದ ಮನೆಯ ಪರಿಹಾರಕ್ಕೂ ಹಕ್ಕುಪತ್ರಕ್ಕೂ ಇರುವ ಗಂಟನ್ನು ಬಿಚ್ಚಬೇಕು. ಮರಳಿ ಕಟ್ಟುವವರಿಗೆ ಒಂದೇ ಅಚ್ಚಿನ ಕಾಂಕ್ರೀಟ್ ಪೆಟ್ಟಿಗೆಯನ್ನು ಹೇರದೆ, ಕಲ್ಲಿನ ಪಂಚಾಂಗದ ಮೇಲೆ ಎತ್ತರಿಸಿದ ಮಣ್ಣಿನ ಮನೆಗೂ ನೆರವು ಕೊಡಬೇಕು. ಟಿಬೆಟನ್ ನೆಲೆಯ ಗುತ್ತಿಗೆ ಜಮೀನುಗಳ ಕೆರೆ, ಇಂಗುಗುಂಡಿಗಳ ಕೆಲಸವನ್ನು ಅವರದು ಎಂದು ಬದಿಗಿಡದೆ ತಾಲ್ಲೂಕಿನ ನೀರಿನ ಯೋಜನೆಯಲ್ಲೇ ಸೇರಿಸಬೇಕು. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಪಂಚಾಯಿತಿ ಮಟ್ಟದಲ್ಲಿ ಈಗಾಗಲೇ ಇವೆ. ಆ ಅಂಕಿಗಳು ಬೆಂಗಳೂರಿನ ಪರದೆಯಿಂದ ಇಳಿದು, ಇಳಿಜಾರಿನ ಊರಿನವರಿಗೆ ಅವರ ಮಾತಿನಲ್ಲೇ ಎಚ್ಚರಿಕೆಯಾಗಿ ತಲುಪಬೇಕು. ಹುಲಿ ಮೀಸಲಿನಿಂದ ಯಾವ ಊರನ್ನೂ ಗ್ರಾಮಸಭೆಯ ಲಿಖಿತ ಒಪ್ಪಿಗೆಯಿಲ್ಲದೆ ಎಬ್ಬಿಸಬಾರದು. ಇದು ಅರಣ್ಯ ಹಕ್ಕು ಕಾಯ್ದೆಯ 4ನೇ ಕಲಮಿನ ಮಾತೇ.

ಇವುಗಳಲ್ಲಿ ಒಂದಕ್ಕೂ ಹೊಸ ಕಾನೂನು ಬೇಡ. ಹೆಚ್ಚಿನವಕ್ಕೆ ದೊಡ್ಡ ಹಣವೂ ಬೇಡ. ಕಾಯ್ದೆಗಳಿವೆ, ಸಂಸ್ಥೆಗಳಿವೆ, ಮಳೆಯ ಲೆಕ್ಕವಿದೆ, ಸೂಪಾ ಮತ್ತು ಕಳಚೆಯ ಅನುಭವವಿದೆ. ಇಲ್ಲದಿರುವುದು ಜೊಯಿಡಾದಂಥ, ಮತ ಕಡಿಮೆ ಇರುವ, ರಾಜಧಾನಿಗೆ ದೂರವಾದ ತಾಲ್ಲೂಕಿನ ಬಗ್ಗೆ ಕಾಳಜಿ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವ ಚಾಳಿ ಈ ರಾಜ್ಯದ ವಿಕೋಪ ನಿರ್ವಹಣೆಗೆ ಅಂಟಿದೆ. ಗುಡ್ಡ ಕುಸಿದ ಮರುದಿನ ಮಂತ್ರಿಗಳು ಬರುತ್ತಾರೆ, ಚೆಕ್ಕು ಹಂಚುತ್ತಾರೆ, ತಜ್ಞರ ಸಮಿತಿ ಎನ್ನುತ್ತಾರೆ. ಇನ್ನು ಮುಂದೆ ಆ ಚೆಕ್ಕುಗಳು ಹೊಣೆಯಿಂದ ಬಿಡುಗಡೆ ಕೊಡಲಾರವು. ಅಪಾಯ ಇಂಥದ್ದು ಎಂದು ಗೊತ್ತಿದೆ, ಮಾಡಬೇಕಾದದ್ದೂ ಗೊತ್ತಿದೆ. ಇಷ್ಟು ಗೊತ್ತಿದ್ದೂ ಕೈಕಟ್ಟಿ ಕೂತರೆ, ಈ ನಾಲ್ಕು ತಾಲ್ಲೂಕುಗಳಲ್ಲಿ ಮುಂದೆ ಅಳಿಯುವ ಒಂದೊಂದು ಊರಿನ ನಷ್ಟವನ್ನೂ ಪ್ರಕೃತಿ ವಿಕೋಪದ ಲೆಕ್ಕಕ್ಕೆ ಬರೆಯುವ ಹಕ್ಕು ಸರ್ಕಾರಕ್ಕೆ ಇರುವುದಿಲ್ಲ.